ಮನೆ ಕಂಪ್ಯೂಟರ್ ಪದೇ ಪದೇ ಹ್ಯಾಂಗ್ ಆಗುತ್ತಿದೆ, ಡಿಸ್ಕಿನಲ್ಲಿ ಅವ್ವನ ಹಾಡುಗಳಿವೆ (ವಿಜಯಪುರ)

ಜಲನಗರ ಮೇಷ್ಟ್ರು, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್ ಯುಗಾದಿ ಕಳೆದ ಮೇಲೆ ಹ್ಯಾಂಗ್ ಆಗಲು ಶುರುವಾಗಿದೆ. ಇಂಟೆಲ್ ಐ3, ನಾಲ್ಕನೇ ತಲೆಮಾರಿನದು. ತಾತ್ಕಾಲಿಕ ಮೆಮೊರಿಗೆ 4 ಜಿಬಿಯ ಎರಡು ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಗೇಮ್ ಏನೂ ಆಡುವುದಿಲ್ಲ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದು, ಆಡಿಯೊ ಕೇಳುವುದು, ಮೊಮ್ಮಗಳು ಬಂದಾಗ ಪಾಠದ ವಿಡಿಯೊ ನೋಡುವುದು. ಇಷ್ಟೇ ಕೆಲಸ.

ಫೈಲ್ ತೆಗೆಯಲು ಹೋದರೆ ಒಮ್ಮೊಮ್ಮೆ ಸುಮ್ನೆ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ತಾನೇ ಸರಿಹೋಗುತ್ತದೆ. ಇನ್ನು ಕೆಲವು ಸಲ ಎಷ್ಟು ಕಾದರೂ ಏಳುವುದಿಲ್ಲ. ಪವರ್ ಬಟನ್ ಒತ್ತಿ ಹಿಡಿದು ಬಂದ್ ಮಾಡಬೇಕು. ಊರಲ್ಲಿ ಬಿಸಿಲು 40 ಡಿಗ್ರಿ ದಾಟಿದೆ. ಅದಕ್ಕೇ ಹೀಗಾಗುತ್ತಿದೆಯೇ?

ಒಂದು ಅಂಗಡಿಯಲ್ಲಿ ಕೇಳಿದೆ. "ತಂದುಬಿಡಿ ಸರ್, ಫಾರ್ಮ್ಯಾಟ್ ಹೊಡೆದು ಕೊಡ್ತೀವಿ" ಅಂದರು. ಎಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವ ಮಾತು, ನನಗೆ ಧೈರ್ಯ ಬರಲಿಲ್ಲ. ಈ ಡಿಸ್ಕಿನಲ್ಲಿ ನಮ್ಮ ಅವ್ವ ಹಾಡಿದ ಬೀಸುಕಲ್ಲಿನ ಪದಗಳ ರೆಕಾರ್ಡಿಂಗ್ ಇದೆ. ಅವನ್ನು ಕೇಳಿ ಕೇಳಿ ನಾನು ಟೈಪ್ ಮಾಡಿದ ಹಾಳೆಗಳೂ ಅಲ್ಲೇ ಇವೆ. ಅವ್ವ ಈಗಿಲ್ಲ. ದಯವಿಟ್ಟು ದಾರಿ ಹೇಳಿ.

ಮುಧೋಳದ ಗೆಳೆಯ

ಸರ್, ವಿಂಡೋಸ್ ಹಾಕಿಸಿ ಬಹಳ ವರ್ಷ ಆದರೆ ಹೀಗೇ ಆಗುತ್ತದೆ. ನನ್ನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದ ಮೇಲೆ ಚೆನ್ನಾಗಿ ಓಡುತ್ತಿದೆ. ಸಿ ಡ್ರೈವ್ ಮಾತ್ರ ಅಳಿಸುತ್ತಾರೆ, ಉಳಿದದ್ದಕ್ಕೆ ಏನೂ ಆಗುವುದಿಲ್ಲ.

ನವನಗರ ರಿಪೇರಿ, ಬಾಗಲಕೋಟೆ

ಮೇಷ್ಟ್ರೇ, ಸದ್ಯಕ್ಕೆ ಫಾರ್ಮ್ಯಾಟ್ ಬೇಡವೇ ಬೇಡ. ಮುಧೋಳದ ಗೆಳೆಯರು ಹೇಳಿದ್ದು ಸಾಫ್ಟ್‌ವೇರ್ ತೊಂದರೆ ಇದ್ದರೆ ಸರಿ. ಆದರೆ ಡಿಸ್ಕೇ ಹಾಳಾಗುತ್ತಿದ್ದರೆ ಹೊಸ ವಿಂಡೋಸ್ ಅದರ ಮೇಲೆ ಹತ್ತಾರು ಜಿಬಿ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದು ದೊಡ್ಡ ಹೊರೆ. ಇನ್ನೊಂದು ವಿಷಯ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್ ಎರಡೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತವೆ. ಬಹಳ ಜನ ಕಳಕೊಳ್ಳುವುದು ಇಲ್ಲೇ.

ನೀವು ಬರೆದದ್ದರಲ್ಲಿ ನನಗೆ ಎರಡು ಬೇರೆ ಬೇರೆ ಹ್ಯಾಂಗ್ ಕಾಣಿಸುತ್ತಿವೆ. ಕಾದರೆ ಏಳುವುದು ಒಂದು. ಏಳದೇ ಇರುವುದು ಇನ್ನೊಂದು. ಎರಡಕ್ಕೂ ಕಾರಣ ಒಂದೇ ಇರಬೇಕೆಂದಿಲ್ಲ. ಮುಂದಿನ ಸಲ ನಿಂತಾಗ ಗಾಬರಿಯಾಗದೆ ಇಷ್ಟು ನೋಡಿ. ಮೌಸ್ ಬಾಣ ಅಲುಗಾಡುತ್ತದೆಯೇ? ಕೀಬೋರ್ಡಿನಲ್ಲಿ ಕ್ಯಾಪ್ಸ್ ಲಾಕ್ ಒತ್ತಿದರೆ ಅದರ ಲೈಟ್ ಹತ್ತಿ ಆರುತ್ತದೆಯೇ? ಕ್ಯಾಬಿನೆಟ್ ಮುಂದೆ ಇರುವ ಡಿಸ್ಕ್ ಲೈಟ್ ಮಿಣುಕುತ್ತದೆಯೇ, ಹತ್ತಿಯೇ ಇರುತ್ತದೆಯೇ, ಪೂರ್ತಿ ಆರಿರುತ್ತದೆಯೇ? ಹಾಡು ಓಡುತ್ತಿದ್ದರೆ ದನಿ ಏನಾಗುತ್ತದೆ? ನೋಡಿ ಬಂದು ಬರೆಯಿರಿ.

ಇಳಕಲ್ ಅಕ್ಕ

ನಮ್ಮ ಮನೆಯಲ್ಲೂ ಇದೇ ಕಥೆ ಆಗಿತ್ತು ಅಣ್ಣಾ. ಮಗ್ಗದ ಮನೆ ನಮ್ಮದು. ನೂಲಿನ ಎಳೆ ಗಾಳಿಯಲ್ಲಿ ತೇಲಿ ಬಂದು ಪ್ರೊಸೆಸರ್ ಫ್ಯಾನಿನ ಕೆಳಗೆ ದಪ್ಪ ಪದರ ಕಟ್ಟಿತ್ತು. ಮೇಲಿನಿಂದ ನೋಡಿದರೆ ಫ್ಯಾನ್ ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬಿಚ್ಚಿ ಬ್ರಷ್ ಹಾಕಿ, ಥರ್ಮಲ್ ಪೇಸ್ಟ್ (ಪ್ರೊಸೆಸರಿನ ಬಿಸಿ ಹೊರಗೆ ದಾಟಿಸುವ ಲೇಪ) ಬದಲಿಸಿದ ಮೇಲೆ ಸರಿಯಾಯಿತು. ಫ್ಯಾನಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಬೋರ್ಡಿನಲ್ಲಿ ಕೂತಿರಲಿಲ್ಲ. ಅದನ್ನೂ ನೋಡಿಸಿ.

ನವನಗರ ರಿಪೇರಿ, ಬಾಗಲಕೋಟೆ

ಅಕ್ಕಾ ಹೇಳಿದ ಫ್ಯಾನ್ ಕಾಲಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆಯ ಜಿಲ್ಲೆಗಳಲ್ಲಿ ಧೂಳು ಜಾಸ್ತಿ, ಬೇಸಿಗೆಗೆ ಮೊದಲು ಒಮ್ಮೆ ಸ್ವಚ್ಛ ಮಾಡಿಸಲೇಬೇಕು. ಬ್ಲೋವರ್ ಹೊಡೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಆದರೆ ಬಿಸಿ ಏನು ಮಾಡುತ್ತದೆ ಅಂತ ತಿಳಿದುಕೊಂಡರೆ ಒಳ್ಳೆಯದು. ಪ್ರೊಸೆಸರ್ ಕಾದಾಗ ಮೊದಲು ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ. ಎಲ್ಲ ಕೆಲಸ ನಿಧಾನ ಆಗುತ್ತದೆ. ಆಮೇಲೂ ಬಿಸಿ ಮಿತಿ ಮೀರಿದರೆ ಪಟ್ಟಂತ ಆಫ್ ಆಗುತ್ತದೆ. ಚಿತ್ರ ಪರದೆಯ ಮೇಲೆ ಹಾಗೇ ನಿಂತು ಬಿಡುವುದು ಬಿಸಿಯ ಮಾಮೂಲಿ ಲಕ್ಷಣ ಅಲ್ಲ. ಮೇಷ್ಟ್ರೇ, ಎಚ್‌ಡಬ್ಲ್ಯು ಮಾನಿಟರ್ ಅಂತ ಒಂದು ಉಚಿತ ತಂತ್ರಾಂಶ ಇದೆ. ಹಾಕಿ ನೋಡಿ. ಕೋಣೆಯೇ 40 ಡಿಗ್ರಿ ಇರುವಾಗ ಪ್ರೊಸೆಸರ್ 55, 60 ತೋರಿಸಿದರೆ ಹೆದರಬೇಡಿ. ಬರೀ ಟೈಪ್ ಮಾಡುವಾಗಲೂ 90 ತೋರಿಸಿದರೆ ಫ್ಯಾನ್ ಬಿಚ್ಚಬೇಕು.

ಜಲನಗರ ಮೇಷ್ಟ್ರು, ವಿಜಯಪುರ

ನೀವು ಹೇಳಿದ ಹಾಗೆ ಗಮನವಿಟ್ಟು ನೋಡಿದೆ. ನಿಮ್ಮ ಊಹೆ ಸರಿ, ಎರಡು ಥರ ಇದೆ.

ಹಾಡಿನ ಫೋಲ್ಡರ್ ತೆಗೆದಾಗ ನಿಂತರೆ ಮೌಸ್ ಅಲುಗಾಡುತ್ತದೆ, ಕ್ಲಿಕ್ ಮಾಡಿದರೆ ಉತ್ತರ ಇಲ್ಲ. ಡಿಸ್ಕ್ ಲೈಟ್ ಒಂದೇ ಸಮ ಹತ್ತಿರುತ್ತದೆ. ಕಾದರೆ ಏಳುತ್ತದೆ. ಇನ್ನೊಂದು ಯಾವಾಗ ಬೇಕಾದರೂ ಬರುತ್ತದೆ. ನಿನ್ನೆ ನಸುಕಿನಲ್ಲಿ, ತಂಪಿನಲ್ಲಿಯೇ ಬಂತು. ಮೌಸ್ ಇಲ್ಲ, ಕ್ಯಾಪ್ಸ್ ಲಾಕ್ ಲೈಟ್ ಇಲ್ಲ, ಡಿಸ್ಕ್ ಲೈಟೂ ಇಲ್ಲ. ಹಾಡಿನ ಒಂದು ತುಣುಕು ಗರ್ರ್ ಅಂತ ಅಲ್ಲೇ ಸುತ್ತುತ್ತಿತ್ತು. ಬಿಸಿ 58 ಡಿಗ್ರಿ ತೋರಿಸಿತ್ತು.

ಒಂದು ಮಾತು ಬಿಟ್ಟೆ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಕೈಗೆ ಝುಮ್ ಅನ್ನುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯೇ?

ವೈರಿಂಗ್ ಕಾಕಾ, ಇಂಡಿ

ಮೇಷ್ಟ್ರೇ, ಝುಮ್ ಅನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅರ್ಥಿಂಗ್ ಇಲ್ಲ ಅಂತಲೇ ಅದರ ಅರ್ಥ. ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ಒಳಗೆ ಲೈನ್‌ನಿಂದ ಹೊರಗಿನ ಲೋಹಕ್ಕೆ, ನ್ಯೂಟ್ರಲ್‌ನಿಂದ ಹೊರಗಿನ ಲೋಹಕ್ಕೆ ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅರ್ಥ್ ಸರಿಯಿದ್ದರೆ ಆ ಅಲ್ಪ ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಲೋಹದ ಕ್ಯಾಬಿನೆಟ್ ಮೇಲೆ ಸುಮಾರು ಅರ್ಧ ವೋಲ್ಟೇಜ್, ಅಂದರೆ 115 ವೋಲ್ಟ್ ಹತ್ತಿರ ತೇಲುತ್ತಿರುತ್ತದೆ. ಕರೆಂಟ್ ಬಹಳ ಕಡಿಮೆ, ಆದ್ದರಿಂದ ಬರೀ ಝುಮ್. ಆದರೆ ನಾಳೆ ಫ್ರಿಜ್ಜಿನಲ್ಲೋ ಗೀಸರಿನಲ್ಲೋ ಲೈನ್ ಹೊರಗಿನ ಲೋಹಕ್ಕೆ ತಾಗಿದರೆ ಆಗ ಝುಮ್ ಅಲ್ಲ, ಜೀವಕ್ಕೇ ಅಪಾಯ.

ಮೊದಲು ನೋಡಬೇಕಾದ್ದು, ಮೂರು ಪಿನ್ನಿನ ವೈರಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದೀರಾ ಅಂತ. ಹಾಕಿದ್ದರೆ ಈಗಲೇ ಕಿತ್ತು ಹಾಕಿ. ಆಮೇಲೆ ಮನೆಯ ಅರ್ಥಿಂಗ್ ಗುಂಡಿ. ನಮ್ಮ ಕಡೆ ಎರಿ ನೆಲ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಪೈಪಿಗೂ ಮಣ್ಣಿಗೂ ಸಂಬಂಧ ತಪ್ಪುತ್ತದೆ. ಗುಂಡಿಗೆ ನೀರು ಹಾಕಿಸಿ. ಉಪ್ಪು, ಇದ್ದಿಲು ಹಳೆಯದಾಗಿದ್ದರೆ ಬದಲಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕಡೆಯಿಂದ ಅಳೆಸಿ.

ಹ್ಯಾಂಗ್ ಆಗುವುದಕ್ಕೆ ಇದೇ ಕಾರಣ ಅಂತ ನಾನು ಹೇಳುವುದಿಲ್ಲ. ವೋಲ್ಟೇಜ್ ಏರುಪೇರು ಅಂತಲೂ ಹೇಳುವುದಿಲ್ಲ. ಕರೆಂಟ್ ಒಂದು ಕ್ಷಣ ಕುಸಿದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ನಿಮ್ಮದು ನಿಲ್ಲುತ್ತಿದೆ, ರೀಸ್ಟಾರ್ಟ್ ಆಗುತ್ತಿಲ್ಲ. ಸ್ಟೆಬಿಲೈಜರ್‌ಗೆ ರೊಕ್ಕ ಹಾಕಬೇಡಿ. ಅರ್ಥಿಂಗ್ ಮಾತ್ರ ಇವತ್ತೇ.

ಟಿಳಕವಾಡಿಯಿಂದ, ಬೆಳಗಾವಿ

ಸರ್, ಮೊದಲನೇ ಥರದ ಹ್ಯಾಂಗ್ ಓದಿದ ಕೂಡಲೇ ನನಗೆ ಡಿಸ್ಕ್ ಮೇಲೆಯೇ ಅನುಮಾನ. ಎರಡು ಕಡೆ ನೋಡಿ.

ಇವೆಂಟ್ ವ್ಯೂವರ್ (ವಿಂಡೋಸ್ ಆದದ್ದನ್ನೆಲ್ಲ ಬರೆದಿಡುವ ಜಾಗ) ತೆಗೆದು ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ಒತ್ತಿ. ಹ್ಯಾಂಗ್ ಆದ ಹೊತ್ತಿನ ಸುತ್ತ 7, 129, 153 ನಂಬರಿನ ಇವೆಂಟ್ ಇವೆಯೇ? 7 ಅಂದರೆ ಡಿಸ್ಕಿನಲ್ಲಿ ಕೆಟ್ಟ ಬ್ಲಾಕ್ ಸಿಕ್ಕಿದೆ. 129 ಅಂದರೆ ಡಿಸ್ಕ್ ಉತ್ತರ ಕೊಡಲಿಲ್ಲ ಅಂತ ವಿಂಡೋಸ್ ಅದನ್ನು ರೀಸೆಟ್ ಮಾಡಿದೆ. 153 ಅಂದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು. ಕರ್ನೆಲ್ ಪವರ್ 41 ಅಂತ ಕೆಂಪಗೆ ಕಾಣಿಸುತ್ತದೆ. ಅದನ್ನು ನೋಡಿ ಎಸ್‌ಎಂಪಿಎಸ್ ಬದಲಿಸಿದವರು ಬಹಳ ಜನ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ 41 ಹೇಳುತ್ತದೆ. ಪವರ್ ಬಟನ್ ಒತ್ತಿ ಹಿಡಿದಾಗಲೆಲ್ಲ ಅದು ಬಂದೇ ಬರುತ್ತದೆ.

ಎರಡನೆಯದು ಕ್ರಿಸ್ಟಲ್ ಡಿಸ್ಕ್ ಇನ್ಫೊ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಟ್ಟುಕೊಂಡಿರುತ್ತದೆ, ಇದು ಅದನ್ನು ಓದಿ ತೋರಿಸುತ್ತದೆ. 05, ಸಿ5, ಸಿ6, ಸಿ7 ಸಾಲುಗಳ ಕೊನೆಯ ಸಂಖ್ಯೆ ಬರೆಯಿರಿ.

ಜಲನಗರ ಮೇಷ್ಟ್ರು, ವಿಜಯಪುರ

ತಂಗೀ, 129 ಮತ್ತು 153 ಸಾಲುಸಾಲಾಗಿ ಇವೆ. 7 ಕೂಡ ಇದೆ. ಡಿಸ್ಕ್ ಇನ್ಫೊ ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. 05ರಲ್ಲಿ ಸೊನ್ನೆ. ಸಿ5ರಲ್ಲಿ ಕೊನೆಗೆ 18. ಸಿ6ರಲ್ಲೂ 18. ಸಿ7ರಲ್ಲಿ ಸೊನ್ನೆ. ಮೊದಲ ಸಾಲು 01ರಲ್ಲಿ ಮಾತ್ರ ಬಹಳ ದೊಡ್ಡ ಸಂಖ್ಯೆ ಇದೆ, ಅದನ್ನು ನೋಡಿ ಭಯವಾಯಿತು.

ಟಿಳಕವಾಡಿಯಿಂದ, ಬೆಳಗಾವಿ

01ರ ಬಗ್ಗೆ ಚಿಂತೆ ಬೇಡ ಸರ್. ಕೆಲವು ಕಂಪನಿಯ ಡಿಸ್ಕುಗಳು ಅಲ್ಲಿ ಬೇರೆ ಲೆಕ್ಕವನ್ನೂ ಸೇರಿಸಿ ಬರೆಯುತ್ತವೆ, ಹೊಸ ಡಿಸ್ಕಿನಲ್ಲೂ ದೊಡ್ಡದಾಗಿಯೇ ಇರುತ್ತದೆ.

ಸಿ7 ಸೊನ್ನೆ ಇರುವುದು ಒಳ್ಳೆಯ ಸುಳಿವು. ಅದು ಕೇಬಲ್ಲಿನಲ್ಲಿ ಆಗುವ ತಪ್ಪಿನ ಲೆಕ್ಕ. ಅದು ಏರುತ್ತಿದ್ದರೆ ಡಿಸ್ಕಿನ ಸಾಟಾ ಕೇಬಲ್ ಬದಲಿಸಿದರೆ ಮುಗಿಯುತ್ತಿತ್ತು. ನಿಮಗೆ ಏರಿರುವುದು ಸಿ5. ತಂತ್ರಾಂಶ ಆ ಸಂಖ್ಯೆಯನ್ನು ಹದಿನಾರರ ಲೆಕ್ಕದಲ್ಲಿ ತೋರಿಸುತ್ತದೆ, ಆದ್ದರಿಂದ 18 ಅಂದರೆ ನಮ್ಮ ಲೆಕ್ಕದಲ್ಲಿ 24. ಡಿಸ್ಕಿನ 24 ಸೆಕ್ಟರುಗಳನ್ನು (ಮಾಹಿತಿ ಬರೆಯುವ ಸಣ್ಣ ಚೂರುಗಳನ್ನು) ಓದಲು ಆಗುತ್ತಿಲ್ಲ. ಅಲ್ಲಿ ತಲೆ ಹಾಕಿದಾಗಲೆಲ್ಲ ಡಿಸ್ಕ್ ಮತ್ತೆ ಮತ್ತೆ ಓದಲು ನೋಡುತ್ತದೆ, ವಿಂಡೋಸ್ ಕಾಯುತ್ತದೆ, ನಿಮಗೆ ಹ್ಯಾಂಗ್ ಕಾಣಿಸುತ್ತದೆ. ಹಾಡಿನ ಫೋಲ್ಡರ್ ತೆಗೆದಾಗ ನಿಲ್ಲುತ್ತದೆ ಅಂದರೆ ಕೆಟ್ಟ ಜಾಗ ಅದರ ಹತ್ತಿರವೇ ಇದೆ. ತಡ ಮಾಡದೆ ಈಗಲೇ ಪೆನ್‌ಡ್ರೈವಿಗೆ ಹಾಡುಗಳನ್ನು ಕಾಪಿ ಮಾಡಿಕೊಳ್ಳಿ.

ನವನಗರ ರಿಪೇರಿ, ಬಾಗಲಕೋಟೆ

ತಂಗೀ, ಡಿಸ್ಕ್ ಬಗ್ಗೆ ನೀವು ಹೇಳಿದ್ದೆಲ್ಲ ಸರಿ. ಆದರೆ ಈ ಮಷೀನಿನಲ್ಲಿ ಈಗಲೇ ಕಾಪಿ ಮಾಡುವುದನ್ನು ನಾನು ಒಪ್ಪುವುದಿಲ್ಲ. ಎರಡನೇ ಥರದ ಹ್ಯಾಂಗ್ ನೋಡಿ. ಕ್ಯಾಪ್ಸ್ ಲಾಕ್ ಸತ್ತಿದೆ, ದನಿ ಒಂದೇ ಕಡೆ ಸುತ್ತುತ್ತಿದೆ, ಡಿಸ್ಕ್ ಲೈಟ್ ಆರಿದೆ. ಡಿಸ್ಕಿಗಾಗಿ ಕಾಯುತ್ತಿರುವ ಕಂಪ್ಯೂಟರ್ ಹೀಗಿರುವುದಿಲ್ಲ. ರ‍್ಯಾಮ್, ಎಸ್‌ಎಂಪಿಎಸ್, ಮದರ್‌ಬೋರ್ಡ್, ಈ ಮೂರರಲ್ಲಿ ಒಂದು. ನನ್ನ ಅನುಮಾನ ರ‍್ಯಾಮ್ ಮೇಲೆ.

ಕಾಪಿ ಮಾಡುವ ಪ್ರತಿ ಅಕ್ಷರವೂ ರ‍್ಯಾಮ್ ಹಾದುಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಡಿಸ್ಕಿನಲ್ಲಿ ಸರಿಯಿದ್ದ ಫೈಲ್ ಕಾಪಿ ಆಗುವಾಗ ಕೆಡಬಹುದು. ವಿಂಡೋಸ್ ಏನೂ ಹೇಳುವುದಿಲ್ಲ, ಕಾಪಿ ಮುಗಿಯಿತು ಅನ್ನುತ್ತದೆ. ಹಾಡಿನ ನಡುವೆ ಕಟ್ ಅನ್ನುವ ಸದ್ದು, ತೆರೆಯದ ಡಾಕ್ಯುಮೆಂಟ್ ಗೊತ್ತಾಗುವುದು ಆಮೇಲೆ. ಅಷ್ಟು ಹೊತ್ತಿಗೆ ಮೂಲ ಡಿಸ್ಕ್ ಸತ್ತಿದ್ದರೆ?

ಆದ್ದರಿಂದ ಮೇಷ್ಟ್ರೇ, ಮಷೀನ್ ಬಂದ್ ಮಾಡಿ. ಚೆಕ್‌ಡಿಸ್ಕ್ ಓಡಿಸಿ ಅಂತ ಯಾರಾದರೂ ಹೇಳುತ್ತಾರೆ, ಓಡಿಸಬೇಡಿ. ಅದು ಇಡೀ ಡಿಸ್ಕನ್ನು ಓದಿಸಿ ಸುಸ್ತು ಮಾಡುತ್ತದೆ, ರಿಪೇರಿ ಹೆಸರಲ್ಲಿ ಫೈಲುಗಳನ್ನು ತುಂಡು ಮಾಡಿ ಬೇರೆ ಕಡೆ ಹಾಕಬಹುದು. ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಡಿಸ್ಕಿನ ಎರಡೂ ಕೇಬಲ್ ತೆಗೆದಿಡಿ. ಈಗ ಡಿಸ್ಕ್ ಸುರಕ್ಷಿತ. ಆಮೇಲೆ ರ‍್ಯಾಮ್ ಪರೀಕ್ಷೆ. ಮೆಮ್‌ಟೆಸ್ಟ್86 ಪ್ಲಸ್ ಅನ್ನು ಬೇರೆಯವರ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಅದರಿಂದಲೇ ಬೂಟ್ ಮಾಡಿ (ಕಂಪ್ಯೂಟರ್ ಶುರು ಮಾಡಿ). ಅದಕ್ಕೆ ಡಿಸ್ಕೂ ಬೇಡ, ವಿಂಡೋಸೂ ಬೇಡ. ರಾತ್ರಿಯೆಲ್ಲ ಓಡಲಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಫೇಲ್. ಬಂದರೆ ಒಂದೊಂದೇ ಪಟ್ಟಿ ಹಾಕಿ ನೋಡಿ. ಒಂದೇ ಸ್ಲಾಟಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ, ಆಮೇಲೆ ಇನ್ನೊಂದು ಸ್ಲಾಟಿನಲ್ಲಿ. ತಪ್ಪು ಆ ಪಟ್ಟಿಯ ಜೊತೆಗೇ ಹೋದರೆ ಪಟ್ಟಿ ಕೆಟ್ಟಿದೆ. ಸ್ಲಾಟಿನಲ್ಲೇ ಉಳಿದರೆ ಬೋರ್ಡ್ ಕೆಟ್ಟಿದೆ.

ಟಿಳಕವಾಡಿಯಿಂದ, ಬೆಳಗಾವಿ

ಅಣ್ಣ ಹೇಳಿದ ಕ್ರಮವೇ ಸರಿ. ಡಿಸ್ಕ್ ಬಿಚ್ಚಿಟ್ಟರೆ ಅವಸರವೂ ಇಲ್ಲ. ಸರ್, ಅಷ್ಟರಲ್ಲಿ 2 ಟಿಬಿಯ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತರಿಸಿಕೊಳ್ಳಿ. ಕಾಪಿಗೆ ಬೇಕೇ ಬೇಕು.

ಜಲನಗರ ಮೇಷ್ಟ್ರು, ವಿಜಯಪುರ

ಪಕ್ಕದ ಮನೆಯ ಡಿಪ್ಲೊಮಾ ಓದುವ ಹುಡುಗ ಬಂದು ಕೂತ. ಡಿಸ್ಕ್ ಬಿಚ್ಚಿಟ್ಟೆವು. ಎರಡೂ ರ‍್ಯಾಮ್ ಇದ್ದಾಗ ಪರದೆ ತುಂಬ ಕೆಂಪು ಸಾಲುಗಳು. ಪಟ್ಟಿಗಳ ಚಿನ್ನದ ಬಣ್ಣದ ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದರೂ ಬಂದವು. ಒಂದು ಪಟ್ಟಿ ಎರಡೂ ಸ್ಲಾಟಿನಲ್ಲಿ ಬೆಳಗಿನವರೆಗೆ ಶುದ್ಧವಾಗಿ ಓಡಿತು. ಇನ್ನೊಂದು ಎರಡೂ ಕಡೆ ತಪ್ಪು ತೋರಿಸಿತು. ಅದನ್ನು ತೆಗೆದಿಟ್ಟಿದ್ದೇವೆ. ಈಗ 4 ಜಿಬಿ ಮಾತ್ರ ಇದೆ.

ಹುಡುಗ ಮಲ್ಟಿಮೀಟರ್ ತಂದು ಎಸ್‌ಎಂಪಿಎಸ್ ಕೂಡ ನೋಡಿದ. ಹಳದಿ ವೈರಿನಲ್ಲಿ 12.1, ಕೆಂಪಿನಲ್ಲಿ 5.04.

ಕಾಕಾ, ಅರ್ಥಿಂಗ್ ಗುಂಡಿ ನೀವು ಹೇಳಿದ ಹಾಗೇ ಒಣಗಿ ಬಾಯಿ ಬಿಟ್ಟಿತ್ತು. ಸರಿ ಮಾಡಿಸಿದೆ. ಝುಮ್ ಅನ್ನುವುದು ನಿಂತಿದೆ.

ನವನಗರ ರಿಪೇರಿ, ಬಾಗಲಕೋಟೆ

12 ವೋಲ್ಟ್ ಇರಬೇಕಾದಲ್ಲಿ 11.4ರಿಂದ 12.6ರವರೆಗೆ ಸರಿ. 5 ಇರಬೇಕಾದಲ್ಲಿ 4.75ರಿಂದ 5.25. ನಿಮ್ಮ ಎಸ್‌ಎಂಪಿಎಸ್ ಗಟ್ಟಿ ಇದೆ. ಹೊಸ ಡಿಡಿಆರ್3 ರ‍್ಯಾಮ್ ಈಗ ಸಿಗುವುದು ಕಡಿಮೆ, ಸೆಕೆಂಡ್ ಹ್ಯಾಂಡ್ ಸಿಗುತ್ತದೆ. ತಂದರೆ ಅದನ್ನೂ ಒಂದು ರಾತ್ರಿ ಮೆಮ್‌ಟೆಸ್ಟಿಗೆ ಹಾಕಿ, ಆಮೇಲೆ ರೊಕ್ಕ ಕೊಡಿ.

ಟಿಳಕವಾಡಿಯಿಂದ, ಬೆಳಗಾವಿ

ಸರ್, ಈಗ ಕಾಪಿ. ವಿಂಡೋಸಿನಲ್ಲಿ ಮಾಡಬೇಡಿ. ಅದು ಕೆಟ್ಟ ಜಾಗದಲ್ಲಿ ಸಿಕ್ಕಿಕೊಂಡು ಡಿಸ್ಕನ್ನು ಸುಸ್ತು ಮಾಡುತ್ತದೆ. ಒಂದು ಪೆನ್‌ಡ್ರೈವಿಗೆ ಉಬುಂಟು (ವಿಂಡೋಸ್ ಬದಲಿಗೆ ಬಳಸುವ ಉಚಿತ ಲಿನಕ್ಸ್) ಹಾಕಿ ಅದರಿಂದ ಬೂಟ್ ಮಾಡಿ. ಅದರಲ್ಲಿ ಡಿಡಿರೆಸ್ಕ್ಯೂ ಅನ್ನುವ ಉಚಿತ ಉಪಕರಣ ಹಾಕಿಕೊಳ್ಳಿ. ರಾಶಿಯಲ್ಲಿ ಒಳ್ಳೆಯ ಕಾಳು ಮೊದಲು ಎತ್ತಿಟ್ಟು, ಸಂಶಯದ್ದನ್ನು ಕೊನೆಗೆ ಕೈಗೆ ತೆಗೆದುಕೊಂಡ ಹಾಗೆ ಅದರ ಕೆಲಸ. ಓದಲು ಆಗುವ ಭಾಗವನ್ನೆಲ್ಲ ಮೊದಲು ಎತ್ತಿಕೊಳ್ಳುತ್ತದೆ. ಕೆಟ್ಟ ಜಾಗ ಬಂದರೆ ಗುರುತು ಹಾಕಿ ಮುಂದೆ ಹೋಗುತ್ತದೆ, ಕೊನೆಗೆ ತಿರುಗಿ ಬಂದು ಪ್ರಯತ್ನಿಸುತ್ತದೆ. ಎಲ್ಲಿಯವರೆಗೆ ಬಂತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಆ ಮ್ಯಾಪ್ ಫೈಲನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲೇ ಇಡಿ. ಉಬುಂಟು ಬಂದ್ ಆದರೆ ಪೆನ್‌ಡ್ರೈವಿನಲ್ಲಿ ಇಟ್ಟದ್ದು ಉಳಿಯುವುದಿಲ್ಲ.

ಎರಡು ಎಚ್ಚರಿಕೆ. ಯಾವುದರಿಂದ ಯಾವುದಕ್ಕೆ ಅನ್ನುವುದನ್ನು ಡಿಸ್ಕಿನ ಅಳತೆ ನೋಡಿ ಖಚಿತ ಮಾಡಿಕೊಳ್ಳಿ. ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ಹಾಡುಗಳ ಮೇಲೆ ಕೂರುತ್ತದೆ. ಹುಡುಗನ ಕಣ್ಣು, ನಿಮ್ಮ ಕಣ್ಣು ಎರಡೂ ನೋಡಲಿ. ಇನ್ನೊಂದು, ಎಕ್ಸ್‌ಟರ್ನಲ್ ಡಿಸ್ಕಿನ ಫಾರ್ಮ್ಯಾಟ್ ಫ್ಯಾಟ್32 ಆಗಿರಬಾರದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಎನ್‌ಟಿಎಫ್‌ಎಸ್ ಇರಲಿ.

ನುಡಿಯ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಹಳೆಯ ನುಡಿ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದಿದ್ದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಿಸುತ್ತವೆ. ಫೈಲ್ ಕೆಟ್ಟಿತು ಅಂದುಕೊಂಡು ಅಳಿಸಿದವರನ್ನು ನೋಡಿದ್ದೇನೆ.

ಇಳಕಲ್ ಅಕ್ಕ

ಅಣ್ಣಾ, ಡಿಸ್ಕ್ ಮೇಲೆ ಗಾಳಿ ಬರುವ ಹಾಗೆ ಟೇಬಲ್ ಫ್ಯಾನ್ ಇಡಿ. ಅಷ್ಟು ಹೊತ್ತು ಒಂದೇ ಸಮ ಓದಿದರೆ ಬಿಸಿಯಾಗುತ್ತದೆ. ಹಾಡುಗಳು ಸಿಕ್ಕ ಸುದ್ದಿ ಕೇಳಬೇಕು ಅಂತ ದಿನಾ ಬಂದು ನೋಡುತ್ತಿದ್ದೇನೆ.

ಜಲನಗರ ಮೇಷ್ಟ್ರು, ವಿಜಯಪುರ

ಬಂತು. ಹೆಚ್ಚುಕಮ್ಮಿ ಎಲ್ಲವೂ ಬಂತು.

ಫ್ಯಾನ್ ಹಚ್ಚಿ, ಯುಪಿಎಸ್ ಮೇಲೆ ಇಟ್ಟು ಓಡಿಸಿದೆವು. ಕೊನೆಯ ಭಾಗ ಬಹಳ ನಿಧಾನ ಆಯಿತು, ಆದರೆ ಮುಗಿಯಿತು. ಓದಲಾಗದೆ ಉಳಿದದ್ದು ಕೆಲವೇ ಕೆಬಿ. ಪ್ರತಿಯೊಂದು ರೆಕಾರ್ಡಿಂಗನ್ನೂ ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಒಂದರಲ್ಲಿ ಮಾತ್ರ ನಡುವೆ ದನಿ ತುಂಡಾಗಿದೆ. ಆ ಪದದ ನುಡಿಗಳು ತಾಳಿಕೋಟೆಯಲ್ಲಿರುವ ನಮ್ಮ ಅಕ್ಕನಿಗೆ ಬಾಯಿಪಾಠ ಇವೆ. ಫೋನಿನಲ್ಲಿ ಹೇಳಿಸಿ ಬರೆದುಕೊಂಡೆ. ಟೈಪ್ ಮಾಡಿದ ಹಾಳೆಗಳಲ್ಲಿ ಒಂದು ಡಾಕ್ಯುಮೆಂಟ್ ತೆರೆಯುತ್ತಿಲ್ಲ. ಅದು ಈ ಬೇಸಿಗೆಯಲ್ಲಿ ಸೇವ್ ಮಾಡಿದ್ದು. ಕೆಟ್ಟ ರ‍್ಯಾಮಿನ ಕೆಲಸ ಇರಬಹುದೇ?

ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಿಸಿದ್ದೇನೆ. ಒಂದೇ ರ‍್ಯಾಮ್ ಇದ್ದರೂ ಮೊದಲಿಗಿಂತ ಚುರುಕಾಗಿದೆ. ಎರಡೂ ಥರದ ಹ್ಯಾಂಗ್ ಮತ್ತೆ ಬಂದಿಲ್ಲ. ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ, ತಿಳಿಯುತ್ತಿಲ್ಲ. ಇನ್ನು ಎರಡು ಪ್ರಶ್ನೆ. ಹಳೇ ಡಿಸ್ಕ್ ಏನು ಮಾಡಲಿ? ವಿಂಡೋಸ್ 10ನ್ನೇ ಇಟ್ಟುಕೊಳ್ಳಬಹುದೇ?

ನವನಗರ ರಿಪೇರಿ, ಬಾಗಲಕೋಟೆ

ಮೇಷ್ಟ್ರೇ, ಓದಿ ಬಹಳ ಸಂತೋಷವಾಯಿತು. ಡಾಕ್ಯುಮೆಂಟ್ ರ‍್ಯಾಮಿನಿಂದ ಕೆಟ್ಟಿರಬಹುದು, ಕೆಟ್ಟ ಸೆಕ್ಟರಿನ ಮೇಲೆ ಬಿದ್ದಿರಲೂಬಹುದು. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಪ್ರತಿ ಉಳಿದಿದೆಯೇ ನೋಡಿ. ಹೆಸರಿನ ಮುಂದೆ ಅಲೆಯಂಥ ಗುರುತು ಇರುತ್ತದೆ. ಹಿಡನ್ ಫೈಲ್ ತೋರಿಸುವಂತೆ ಮಾಡಿದರೆ ಕಾಣುತ್ತದೆ.

ಹಳೇ ಡಿಸ್ಕನ್ನು ಎಸೆಯಬೇಡಿ, ಎಕ್ಸ್‌ಚೇಂಜಿಗೂ ಕೊಡಬೇಡಿ. ಮೇಲೆ ದಿನಾಂಕ ಬರೆದು ಒಣ ಜಾಗದಲ್ಲಿ ಇಡಿ. ಮತ್ತೆ ಬಳಸಬೇಡಿ. ಹಾಡುಗಳ ಇನ್ನೊಂದು ಪ್ರತಿ ಬೇರೆ ಊರಿನಲ್ಲಿರುವ ಮಕ್ಕಳ ಮನೆಯಲ್ಲಿರಲಿ, ಒಂದೇ ಮನೆಯಲ್ಲಿ ಎಲ್ಲ ಬೇಡ.

ಟಿಳಕವಾಡಿಯಿಂದ, ಬೆಳಗಾವಿ

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ (ಭದ್ರತೆಯ ಅಪ್‌ಡೇಟ್) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಸರ್. ನಿಮ್ಮ ನಾಲ್ಕನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಮುಂದಿನವು ಮಾತ್ರ ಅದರಲ್ಲಿವೆ. ಟೈಪಿಂಗಿಗೆ ಇಂಟರ್ನೆಟ್ ಬೇಡ. ಬ್ಯಾಂಕಿನ ಕೆಲಸ ಇದರಲ್ಲಿ ಮಾಡಬೇಡಿ. ಇಂಟರ್ನೆಟ್ ಬೇಕೇ ಬೇಕು ಅಂದರೆ ಅದೇ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಹಾಕಿಕೊಳ್ಳಬಹುದು. ಪಕ್ಕದ ಮನೆಯ ಹುಡುಗನಿಗೆ ಈಗ ಉಬುಂಟು ರೂಢಿಯಾಗಿದೆ, ಅಲ್ವಾ?

ಹಾಳೆಗಳನ್ನು ಯೂನಿಕೋಡಿಗೆ ಬದಲಿಸಲು ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಕಣ್ಣಿಟ್ಟು ಓದಿ. ಹಾಡಿನಲ್ಲಿರುವುದು ಆಡುಮಾತು. ತಪ್ಪಾಗಿದ್ದರೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ, ನಿಮಗೂ ತಾಳಿಕೋಟೆಯ ಅಕ್ಕನಿಗೂ ಮಾತ್ರ ಗೊತ್ತಾಗುತ್ತದೆ. ಹಳೆಯ ನುಡಿ ಫೈಲುಗಳನ್ನು ಅಳಿಸದೆ ಪಕ್ಕದಲ್ಲೇ ಇಟ್ಟಿರಿ.

ಜಲನಗರ ಮೇಷ್ಟ್ರು, ವಿಜಯಪುರ

ಹಿಡನ್ ಫೈಲ್ ತೋರಿಸಿದಾಗ ತಾತ್ಕಾಲಿಕ ಪ್ರತಿ ಸಿಕ್ಕಿತು. ಕೊನೆಯ ಎರಡು ಪುಟ ಬಿಟ್ಟು ಉಳಿದದ್ದೆಲ್ಲ ಇದೆ. ಆ ಎರಡು ಪುಟ ರೆಕಾರ್ಡಿಂಗ್ ಕೇಳಿ ಮತ್ತೆ ಟೈಪ್ ಮಾಡುತ್ತೇನೆ. ಎರಡನೇ ಪ್ರತಿ ಮಗನ ಜೊತೆ ಬೆಳಗಾವಿಗೆ ಹೋಗುತ್ತಿದೆ.